ವಿಯೆನ್ನಾದ ವಿಟ್ಗೆನ್‌ಸ್ಟೈನ್ ಮನೆ: ಒಂದು ಮಿಲಿಮೀಟರ್‌ಗೂ ರಾಜಿ ಆಗದ ಜಾಗ, ಟೈಮ್ ಮಾಡ್ಕೊಂಡು ನೋಡಿ

ವಿಯೆನ್ನಾಗೆ ಬರೋ ನಮ್ಮವರು ಹೆಚ್ಚಾಗಿ ಶೋನ್‌ಬ್ರುನ್ ಅರಮನೆ ನೋಡ್ತಾರೆ, ಸ್ಟೆಫಾನ್ಸ್‌ಡೋಮ್ ಮುಂದೆ ಫೋಟೋ ತೆಗೆಸ್ಕೋತಾರೆ, ಬೆಲ್ವೆಡೇರ್‌ನಲ್ಲಿ ಕ್ಲಿಮ್ಟ್ ಚಿತ್ರ ನೋಡ್ತಾರೆ, ಇನ್ನೂ ಟೈಮ್ ಉಳಿದ್ರೆ ಮೂರನೇ ಡಿಸ್ಟ್ರಿಕ್ಟ್‌ನಲ್ಲಿರೋ ಬಣ್ಣಬಣ್ಣದ ಹುಂಡರ್ಟ್‌ವಾಸರ್ ಮನೆ ಕಡೆ ಹೋಗ್ತಾರೆ. ಅದೇ ಡಿಸ್ಟ್ರಿಕ್ಟ್‌ನಲ್ಲಿ, ಅಲ್ಲಿಂದ ನಡ್ಕೊಂಡೇ ಹೋಗ್ಬಹುದಾದಷ್ಟು ದೂರದಲ್ಲಿ, ಕುಂಡ್‌ಮಾನ್‌ಗಾಸೆ ರಸ್ತೆಯ 19ನೇ ನಂಬರಿನ ಮನೆ ಇದೆ. ಅಲ್ಲಿಗೆ ಯಾರೂ ಕರ್ಕೊಂಡ್ ಹೋಗಲ್ಲ, ಟೂರ್ ಬಸ್ಸುಗಳಂತೂ ಆ ಕಡೆ ತಿರುಗೋದೇ ಇಲ್ಲ. ಹೊರಗಿಂದ ನೋಡಿದ್ರೆ ಬರೀ ಘನಾಕಾರದ ಬ್ಲಾಕ್‌ಗಳು, ಒಂದು ಕೆತ್ತನೆ ಇಲ್ಲ, ಕಮಾನು ಇಲ್ಲ, ಸಜ್ಜಾ ಇಲ್ಲ, ಉದ್ದುದ್ದ ಕಿಟಕಿ ಬಿಟ್ರೆ ಇನ್ನೇನೂ ಇಲ್ಲ. ಆದ್ರೆ ಇದನ್ನ ಕಟ್ಟಿದ್ದು ಫಿಲಾಸಫರ್ ಲುಡ್‌ವಿಗ್ ವಿಟ್ಗೆನ್‌ಸ್ಟೈನ್, ಭಾಷೆ ಅಂದ್ರೇನು, ಮಾತಿಗೆ ಅರ್ಥ ಎಲ್ಲಿಂದ ಬರುತ್ತೆ ಅನ್ನೋ ಪ್ರಶ್ನೆಯನ್ನ ಒಂದು ಸಲ ಅಲ್ಲ ಎರಡು ಸಲ, ಎರಡು ಬೇರೆ ಬೇರೆ ದಾರಿಯಲ್ಲಿ ಬಗೆಹರಿಸೋಕೆ ಹೊರಟ ಮನುಷ್ಯ. ಆ ಎರಡು ದಾರಿಗಳ ಮಧ್ಯದ ವರ್ಷಗಳಲ್ಲಿ ಕಟ್ಟಿದ್ದೇ ಈ ಮನೆ. ನಾನು ಇದೇ ಊರಲ್ಲಿ ಇರೋದ್ರಿಂದ ನೆಂಟರು, ಫ್ರೆಂಡ್ಸ್ ಬಂದಾಗ ಆಸಕ್ತಿ ಇದ್ದವರನ್ನ ಇಲ್ಲಿಗೆ ಕರ್ಕೊಂಡ್ ಹೋಗ್ತೀನಿ. ಒಂದು ಫಿಲಾಸಫಿಯ ಒಳಗೆ ಕಾಲಿಟ್ಟು ಓಡಾಡೋ ಅವಕಾಶ ಬೇರೆ ಎಲ್ಲಿ ಸಿಗುತ್ತೆ ಹೇಳಿ, ಅದಕ್ಕೇ ಇಷ್ಟು ಉದ್ದ ಬರೀತಿದೀನಿ.

ತಲುಪೋದು ಸುಲಭ. ಯು3 ಮೆಟ್ರೋದಲ್ಲಿ ರೋಖುಸ್‌ಗಾಸೆ ಸ್ಟೇಷನ್ನಲ್ಲಿ ಇಳಿದು ಸ್ವಲ್ಪ ನಡೆದ್ರೆ ಸಾಕು. ಅಡ್ರೆಸ್ಸು ಕುಂಡ್‌ಮಾನ್‌ಗಾಸೆ ಅಂತ ಇದ್ರೂ ಒಳಗೆ ಹೋಗೋದು ಪಾರ್ಕ್‌ಗಾಸೆ ಕಡೆಯಿಂದ. 1975ರಿಂದ ಇದು ಬಲ್ಗೇರಿಯಾ ದೇಶದ ಕೈಲಿದೆ, ಅವರ ಕಲ್ಚರಲ್ ಇನ್‌ಸ್ಟಿಟ್ಯೂಟ್ ಇಲ್ಲೇ ನಡೆಯುತ್ತೆ. ಅಂದ್ರೆ ಇದು ಟಿಕೆಟ್ ಕೌಂಟರು, ಆಡಿಯೋ ಗೈಡು, ಗಿಫ್ಟ್ ಶಾಪು ಎಲ್ಲ ಇರೋ ದೊಡ್ಡ ಮ್ಯೂಸಿಯಂ ಥರ ಅಲ್ಲ, ಆಫೀಸು, ಚಿತ್ರ ಪ್ರದರ್ಶನ, ಸಂಗೀತ ಕಾರ್ಯಕ್ರಮ ನಡೀತಿರೋ ಜಾಗ. ಈ ನಿರೀಕ್ಷೆ ಇಟ್ಕೊಂಡು ಹೋದ್ರೆ ಬೇಜಾರಾಗಲ್ಲ.

ಮನೆಯ ಕಥೆ ಗೊತ್ತಿಲ್ದೆ ಹೋದ್ರೆ ಮಾತ್ರ ಖಾಲಿ ರೂಮು, ಗಾಜಿನ ಬಾಗಿಲು ಅಷ್ಟೇ ಕಾಣೋದು, ಹಾಗಾಗಿ ಸ್ವಲ್ಪ ಹಿಂದಕ್ಕೆ ಹೋಗೋಣ.

ವಿಟ್ಗೆನ್‌ಸ್ಟೈನ್ ಹುಟ್ಟಿದ್ದು 1889ರ ಏಪ್ರಿಲ್ 26ಕ್ಕೆ, ಇದೇ ವಿಯೆನ್ನಾದಲ್ಲಿ. ಅಪ್ಪ ಕಾರ್ಲ್ ಆಸ್ಟ್ರಿಯಾದ ಕಬ್ಬಿಣ ಉಕ್ಕಿನ ಉದ್ಯಮದ ದೊರೆ, ಸಾಮ್ರಾಜ್ಯದಲ್ಲೇ ಅತಿ ಶ್ರೀಮಂತರ ಸಾಲಿನಲ್ಲಿದ್ದವರು. ಮನೆಗೆ ಬ್ರಾಮ್ಸ್, ಮಾಲರ್‌ರಂಥ ಸಂಗೀತಗಾರರು ಬಂದು ಹೋಗೋರು. ಎಂಟು ಮಕ್ಕಳಲ್ಲಿ ಇವನೇ ಕಡೆಯವನು. ಅಷ್ಟು ಐಶ್ವರ್ಯ ಇದ್ರೂ ಆ ಮನೆಯ ದುಃಖ ಸಣ್ಣದಲ್ಲ, ಅಣ್ಣಂದಿರಲ್ಲಿ ಒಬ್ಬ ಅಮೆರಿಕಾ ಕಡೆ ಹೋಗಿ ಕಾಣೆಯಾದ, ಆತ್ಮಹತ್ಯೆ ಅಂತಲೇ ಮನೆಯವರು ನಂಬಿದ್ರು, ಇನ್ನೊಬ್ಬ ಬರ್ಲಿನ್‌ನಲ್ಲಿ ವಿಷ ತಗೊಂಡ, ಮತ್ತೊಬ್ಬ ಮೊದಲ ಮಹಾಯುದ್ಧದ ಕೊನೇಲಿ ಗುಂಡು ಹಾರಿಸ್ಕೊಂಡ. ಉಳಿದ ಅಣ್ಣ ಪೌಲ್ ಪಿಯಾನೋ ನುಡಿಸೋನು, ಯುದ್ಧದಲ್ಲಿ ಬಲಗೈ ಹೋಯ್ತು, ಆದ್ರೂ ಬಿಡ್ಲಿಲ್ಲ, ಒಂದೇ ಕೈಲಿ ನುಡಿಸೋಕೆ ಅಂತ ಫ್ರಾನ್ಸಿನ ಸಂಗೀತ ರಚನೆಕಾರ ರಾವೆಲ್ ಹತ್ರ ಕಾನ್ಸರ್ಟೋ ಬರೆಸ್ಕೊಂಡ. ಈ ಪೌಲ್‌ಗೆ ಲುಡ್‌ವಿಗ್ ಕಟ್ಟಿದ ಮನೆ ಹಿಡಿಸ್ಲಿಲ್ಲ ಅನ್ನೋದನ್ನೂ ಹೇಳ್ಬಿಡ್ತೀನಿ.

ಲುಡ್‌ವಿಗ್ ಮೊದಲು ಓದಿದ್ದು ಇಂಜಿನಿಯರಿಂಗ್. ಬರ್ಲಿನ್, ಆಮೇಲೆ ಮ್ಯಾಂಚೆಸ್ಟರ್, ಅಲ್ಲಿ ಗಾಳಿಪಟ ಹಾರಿಸೋ ಪ್ರಯೋಗ, ವಿಮಾನದ ಪ್ರೊಪೆಲ್ಲರ್ ಡಿಸೈನು, ಅದಕ್ಕೊಂದು ಪೇಟೆಂಟು ಕೂಡ. ಇದನ್ನ ನೆನಪಲ್ಲಿ ಇಟ್ಕೊಳ್ಳಿ, ಮನೆಯ ಬಾಗಿಲು ನೋಡುವಾಗ ಬೇಕಾಗುತ್ತೆ. ಗಣಿತದ ಬುಡ ಯಾವುದು ಅನ್ನೋ ಯೋಚನೆ ಹತ್ತಿ 1911ರಲ್ಲಿ ಕೇಂಬ್ರಿಡ್ಜ್‌ಗೆ ಫಿಲಾಸಫರ್ ಬರ್ಟ್ರಂಡ್ ರಸೆಲ್ ಹತ್ರ ಹೋದ. ಯುದ್ಧ ಶುರುವಾದಾಗ ತಾನಾಗೇ ಸೈನ್ಯ ಸೇರಿ, ಕಂದಕ ಫಿರಂಗಿಗಳ ನಡುವೆ ನೋಟ್‌ಬುಕ್‌ನಲ್ಲಿ ಬರೀತಾ ಬರೀತಾ 1918ರಲ್ಲಿ ಮುಗಿಸಿದ ಪುಸ್ತಕವೇ ಟ್ರಾಕ್ಟೇಟಸ್, ಜರ್ಮನ್‌ನಲ್ಲಿ 1921ಕ್ಕೆ, ಇಂಗ್ಲಿಷ್ ಜೊತೆ 1922ಕ್ಕೆ ಬಂತು. ಸಣ್ಣ ಪುಸ್ತಕ, ಏಳು ಮುಖ್ಯ ವಾಕ್ಯ, ಅವುಗಳ ಕೆಳಗೆ ದಶಾಂಶದ ನಂಬರ್ ಹಾಕಿದ ಉಪವಾಕ್ಯಗಳು. ತಿರುಳು ಏನಂದ್ರೆ, ವಾಕ್ಯ ಅನ್ನೋದು ಲೋಕದ ಒಂದು ಸಂಗತಿಯ ಚಿತ್ರ. ಪ್ಯಾರಿಸ್‌ನ ಕೋರ್ಟಿನಲ್ಲಿ ಒಂದು ಆಕ್ಸಿಡೆಂಟ್ ಹೇಗಾಯ್ತು ಅಂತ ಆಟಿಕೆ ಕಾರು, ಗೊಂಬೆ ಇಟ್ಟು ತೋರಿಸಿದ ಸುದ್ದಿ ಓದಿದಾಗ ಈ ಯೋಚನೆ ಹೊಳೀತು ಅಂತಾರೆ. ಆಟಿಕೆಗಳು ಒಂದಕ್ಕೊಂದು ಹೇಗೆ ನಿಂತಿವೆಯೋ ರಸ್ತೆಯಲ್ಲಿ ನಿಜವಾದ ಗಾಡಿ, ಜನ ಹಾಗೇ ನಿಂತಿದ್ರು, ವಾಕ್ಯದ ಪದಗಳೂ ಹಾಗೇ ಲೋಕದ ವಸ್ತುಗಳಿಗೆ ಹೊಂದ್ಕೊಂಡು ನಿಲ್ತಾವೆ. ಹೀಗೆ ಚಿತ್ರ ಬರೆಯೋಕಾಗೋದನ್ನೆಲ್ಲ ಸ್ಪಷ್ಟವಾಗಿ ಹೇಳ್ಬಹುದು, ಒಳ್ಳೇದು ಕೆಟ್ಟದ್ದು, ಸೌಂದರ್ಯ, ಬದುಕಿನ ಅರ್ಥ ಇವೆಲ್ಲ ಆ ಚಿತ್ರಕ್ಕೆ ಸಿಗೋವಲ್ಲ, ಅವುಗಳ ವಿಷಯಕ್ಕೆ ಸುಮ್ನಿರಬೇಕು. ಇಷ್ಟು ಹೇಳಿ, ಫಿಲಾಸಫಿಯ ಸಮಸ್ಯೆಗಳು ಮುಖ್ಯವಾಗಿ ಬಗೆಹರಿದವು ಅಂತ ಮುನ್ನುಡಿಯಲ್ಲೇ ಬರೆದು, ಫಿಲಾಸಫಿ ಬಿಟ್ಟೇ ಬಿಟ್ಟ.

ಬಿಟ್ಟು ಮಾಡಿದ್ದೇನು ಅಂದ್ರೆ ಅಪ್ಪನ ಆಸ್ತಿಯಲ್ಲಿ ತನ್ನ ಪಾಲನ್ನ ಪೂರ್ತಿ ಒಡಹುಟ್ಟಿದವರಿಗೆ ಕೊಟ್ಟು, ಆಸ್ಟ್ರಿಯಾದ ಹಳ್ಳಿಗಳಿಗೆ ಪ್ರೈಮರಿ ಸ್ಕೂಲ್ ಮೇಷ್ಟ್ರಾಗಿ ಹೋದ. ಟ್ರಾಟೆನ್‌ಬಾಖ್, ಪುಖ್‌ಬರ್ಗ್, ಓಟರ್‌ತಾಲ್ ಇಂಥ ಊರುಗಳು. ಹಳ್ಳಿ ಮಕ್ಕಳಿಗೆ ಅಂತಲೇ ಒಂದು ಪುಟ್ಟ ಪದಕೋಶ ಮಾಡಿದ, ಅದು 1926ರಲ್ಲಿ ಅಚ್ಚಾಯ್ತು. ಆದ್ರೆ ಇನ್ನೊಂದು ಮುಖಾನೂ ಇದೆ, ಮುಚ್ಚಿಡೋದು ಬೇಡ, ಮಕ್ಕಳಿಗೆ ಹೊಡೀತಿದ್ದ. ಅದೇ 1926ರ ಏಪ್ರಿಲ್‌ನಲ್ಲಿ ಒಬ್ಬ ಹುಡುಗ ಏಟು ತಿಂದು ಪ್ರಜ್ಞೆ ತಪ್ಪಿ ಬಿದ್ದ, ಗಲಾಟೆ ಆಯ್ತು, ವಿಟ್ಗೆನ್‌ಸ್ಟೈನ್ ಕೆಲಸ ಬಿಟ್ಟು ಹೊರಟ. ಸುಮಾರು ಹತ್ತು ವರ್ಷ ಆದ್ಮೇಲೆ ವಾಪಸ್ ಆ ಹಳ್ಳಿಗೆ ಹೋಗಿ ಹಳೇ ವಿದ್ಯಾರ್ಥಿಗಳ ಮನೆ ಬಾಗಿಲಿಗೆ ನಿಂತು ಕ್ಷಮೆ ಕೇಳಿದ. ಅವನನ್ನ ಮಹಾತ್ಮ ಅಂತ ಹೊಗಳೋರೂ ಹುಚ್ಚ ಅಂತ ಬೈಯೋರೂ ಈ ಎರಡು ಸಂಗತಿಯನ್ನ ಒಟ್ಟಿಗೇ ಇಟ್ಟು ನೋಡ್ಬೇಕು ಅಂತ ನನ್ನ ಅಭಿಪ್ರಾಯ.

ಆ ಬೇಸಿಗೆಯಲ್ಲಿ ಮಠವೊಂದರಲ್ಲಿ ತೋಟದ ಮಾಲಿ ಆಗಿದ್ದ, ಜೂನ್‌ನಲ್ಲಿ ಅಮ್ಮ ತೀರ್ಕೊಂಡ್ರು. ಮನಸ್ಸು ಪೂರ್ತಿ ಕುಸಿದಿದ್ದ ಹೊತ್ತು. ಆಗ ಅಕ್ಕ ಮಾರ್ಗರೆಟೆ, ಮನೆಯವರೆಲ್ಲ ಗ್ರೆಟ್ಲ್ ಅಂತ ಕರೀತಿದ್ದವರು (ಕ್ಲಿಮ್ಟ್ 1905ರಲ್ಲಿ ಬಿಳಿ ಗೌನಿನಲ್ಲಿ ಚಿತ್ರ ಬರೆದಿರೋದು ಇವರದ್ದೇ), ತಮಗೊಂದು ಮನೆ ಕಟ್ಟಿಸ್ತಿದ್ರು. ಆರ್ಕಿಟೆಕ್ಟ್ ಪೌಲ್ ಎಂಗೆಲ್‌ಮಾನ್, ವಿಯೆನ್ನಾದ ಹೆಸರಾಂತ ಆರ್ಕಿಟೆಕ್ಟ್ ಆಡಾಲ್ಫ್ ಲೋಸ್‌ನ ಶಿಷ್ಯ, ಲುಡ್‌ವಿಗ್‌ಗೆ ಯುದ್ಧಕಾಲದ ಗೆಳೆಯ. ತಮ್ಮನನ್ನ ಈ ಕೆಲಸಕ್ಕೆ ಸೇರಿಸ್ಕೊಂಡ್ರೆ ಅವನಿಗೂ ಒಂದು ಹಿಡಿತ ಸಿಗುತ್ತೆ ಅಂತ ಅಕ್ಕನಿಗೂ ಎಂಗೆಲ್‌ಮಾನ್‌ಗೂ ಅನ್ನಿಸ್ತು. ಸಹಾಯಕ್ಕೆ ಅಂತ ಬಂದವನು ಸ್ವಲ್ಪ ದಿನದಲ್ಲೇ ಇಡೀ ಕೆಲಸ ಕೈಗೆ ತಗೊಂಡ. ಒಟ್ಟು ನಕ್ಷೆ ಎಂಗೆಲ್‌ಮಾನ್‌ದು, ಆದ್ರೆ ಒಳಗಿನ ಅಳತೆ, ಬಾಗಿಲು, ಕಿಟಕಿ, ಹಿಡಿಕೆ, ರೇಡಿಯೇಟರ್ ಎಲ್ಲ ಲುಡ್‌ವಿಗ್‌ದೇ. ಕೊನೆಗೆ ಇದು ನನ್ನ ಮನೆ ಅಲ್ಲ, ಅವನ ಮನೆ ಅಂತ ಎಂಗೆಲ್‌ಮಾನ್ ಕೂಡ ಒಪ್ಕೊಂಡ. 1926ರಿಂದ 1928ರವರೆಗೆ ಕಟ್ಟಿದ್ದು, 1928ರ ಕೊನೇಲಿ ಗ್ರೆಟ್ಲ್ ಒಕ್ಕಲು ಬಂದ್ರು.

ಈಗ ಒಳಗೆ ಬನ್ನಿ. ನನಗೆ ಈ ಮನೆಯಲ್ಲಿ ಎಲ್ಲಕ್ಕಿಂತ ಇಷ್ಟ ಬಾಗಿಲುಗಳು. ಮರ ಅಲ್ಲ, ಲೋಹದ ಫ್ರೇಮು, ಗಾಜು. ಬಾಗಿಲು ಎತ್ತರಕ್ಕಿದೆ, ಅಗಲ ಕಮ್ಮಿ, ಮಧ್ಯೆ ಅಡ್ಡಪಟ್ಟಿ ಇಲ್ಲ, ಹಾಗಾಗಿ ಕಣ್ಣು ಕೆಳಗಿಂದ ಮೇಲಕ್ಕೆ ಒಂದೇ ಗೆರೆಯಲ್ಲಿ ಹೋಗುತ್ತೆ. ಹಿಡಿಕೆ ನೋಡಿ, ಬಗ್ಗಿಸಿದ ಒಂದು ಲೋಹದ ಕೊಳವೆ ಅಷ್ಟೇ, ಹಿಂದೆ ಅಲಂಕಾರದ ಪಟ್ಟಿ ಇಲ್ಲ, ಸ್ಕ್ರೂ ಕಾಣೋ ತಟ್ಟೆ ಇಲ್ಲ, ಸೀದಾ ಬಾಗಿಲಿನ ಫ್ರೇಮಿನ ಒಳಗಿಂದ ಬಂದಿದೆ. ಒಂದು ಕಡೆ ಸರಳವಾಗಿ ಬಾಗಿದೆ, ಇನ್ನೊಂದು ಕಡೆ ಬಾಗಿರೋ ರೀತಿ ಬೇರೆ. ಕೈ ಇಟ್ಟು ಒತ್ತಿದ್ರೆ ಎಷ್ಟು ಬೇಕೋ ಅಷ್ಟೇ ಚಲನೆ, ಗಡಗಡ ಅನ್ನಲ್ಲ, ಸಡಿಲ ಇಲ್ಲ. ಈ ಸಣ್ಣ ವಸ್ತುವಿಗೆ ಅವನು ಎಷ್ಟು ತಿಂಗಳು ತಲೆ ಕೆಡಿಸ್ಕೊಂಡಿದ್ದ ಅನ್ನೋದು ಗೊತ್ತಿದ್ದು ಮುಟ್ಟಿದ್ರೆ ಕೈಗೇ ಬೇರೆ ಥರ ಅನ್ನಿಸುತ್ತೆ.

ದೊಡ್ಡಕ್ಕ ಹರ್ಮೀನೆ ಬರೆದಿಟ್ಟ ನೆನಪುಗಳಲ್ಲಿ ಈ ಬಾಗಿಲುಗಳ ಕಥೆ ಇದೆ. ಬೀಗ ಮಾಡೋ ಕೆಲಸಗಾರ ಒಂದು ಸಲ, ಸ್ವಾಮಿ ಇಂಜಿನಿಯರ್ರೇ, ಒಂದು ಮಿಲಿಮೀಟರ್ ಹೆಚ್ಚು ಕಮ್ಮಿ ಆದ್ರೆ ನಿಮಗೆ ನಿಜವಾಗ್ಲೂ ಅಷ್ಟು ಮುಖ್ಯಾನಾ ಅಂತ ಕೇಳಿದ್ನಂತೆ, ಅವನ ಮಾತು ಮುಗಿಯೋಕೆ ಮುಂಚೆನೇ ಲುಡ್‌ವಿಗ್ ಹೌದು ಅಂತ ಜೋರಾಗಿ ಕಿರುಚಿದ್ದಕ್ಕೆ ಆ ಮನುಷ್ಯ ಬೆಚ್ಚಿಬಿದ್ನಂತೆ. ಬಾಗಿಲು ಮಾಡಿಕೊಡೋ ಕಂಪನಿ ಜೊತೆ ಮಾತುಕತೆಗೆ ಬಂದಿದ್ದ ಇಂಜಿನಿಯರ್ ಕೈಲಾಗದೆ ಅತ್ತೇ ಬಿಟ್ಟನಂತೆ. ಸೈಟ್ ನೋಡ್ಕೊಳ್ತಿದ್ದ ಜಾಕ್ ಗ್ರೋಗ್ ಅನ್ನೋ ಆರ್ಕಿಟೆಕ್ಟ್, ದಿನವಿಡೀ ಜಗಳ ಆಡಿ ತಲೆನೋವು ಹೊತ್ಕೊಂಡು ಮನೆಗೆ ಬರ್ತೀನಿ ಅಂತ ಕಾಗದ ಬರೆದಿದ್ದ. ಮೂಲೆಗಳಲ್ಲಿ ನಿಂತಿರೋ ರೇಡಿಯೇಟರ್‌ಗಳು ಮೂಲೆಯ ಕೋನಕ್ಕೆ ಸರಿಯಾಗಿ ಕೂರಬೇಕು, ಎರಡು ಭಾಗದ ನಡುವಿನ ಸಂದು ಕರಾರುವಾಕ್ಕಾಗಿ ಇರಬೇಕು ಅಂತ ಹಟ, ಅಷ್ಟು ನಿಖರವಾಗಿ ಎರಕ ಹೊಯ್ಯೋರು ಆಸ್ಟ್ರಿಯಾದಲ್ಲಿ ಸಿಗದೆ ಹೊರದೇಶದಿಂದ ಎರಕ ಮಾಡಿಸಿ ತರಿಸಬೇಕಾಯ್ತು. ಎಲ್ಲಕ್ಕಿಂತ ಫೇಮಸ್ಸು ಛಾವಣಿ ಕಥೆ. ಮನೆ ಬಹುಪಾಲು ಮುಗಿದಿತ್ತು, ಗುಡಿಸಿ ಒರೆಸೋಕೆ ಶುರು ಮಾಡೋ ಹಂತ, ಆಗ ಹಾಲ್ ಅನ್ನಬಹುದಾದಷ್ಟು ದೊಡ್ಡದಿದ್ದ ಒಂದು ರೂಮಿನ ಛಾವಣಿಯನ್ನ ಮೂರು ಸೆಂಟಿಮೀಟರ್ ಮೇಲಕ್ಕೆ ಎತ್ತಿಸಿದ. ನಮ್ಮಲ್ಲಿ ಗೃಹಪ್ರವೇಶಕ್ಕೆ ಕಾರ್ಡ್ ಹಂಚಿ ಆದ್ಮೇಲೆ ಮೇಸ್ತ್ರಿನ ಕರೆದು ತಾರಸಿ ಒಡಿ ಅಂದ ಹಾಗೆ. ಅಳತೆಯ ಅನುಪಾತ ಸರಿ ಕಾಣ್ತಿಲ್ಲ ಅಂತ ಅಷ್ಟೇ ಕಾರಣ, ಬೇರೇನಿಲ್ಲ. ಆ ರೂಮಿನಲ್ಲಿ ನಿಂತಾಗ ಛಾವಣಿ ಕಡೆ ಒಂದ್ಸಲ ಕತ್ತೆತ್ತಿ ನೋಡಿ, ಮೂರು ಸೆಂಟಿಮೀಟರ್ ಕಮ್ಮಿ ಇದ್ದಿದ್ರೆ ಗೊತ್ತಾಗ್ತಿತ್ತಾ ಅಂತ ನನಗೆ ಹೇಳಕ್ಕಾಗಲ್ಲ, ಆದ್ರೆ ರೂಮಿನ ಅಳತೆಯಲ್ಲಿ ಎಲ್ಲೂ ಕಣ್ಣಿಗೆ ಅಡ್ಡ ಬರೋ ಅಂಥದ್ದು ಒಂದೂ ಇಲ್ಲ, ಇದನ್ನಂತೂ ಧೈರ್ಯವಾಗಿ ಹೇಳ್ತೀನಿ.

ಕಿಟಕಿಗಳಿಗೆ ಪರದೆ ಇರ್ಲಿಲ್ಲ. ಬಟ್ಟೆಯ ಪರದೆ ಬೇಡ ಅಂತ ಲೋಹದ ಹಾಳೆಗಳನ್ನ ಮಾಡಿಸಿದ, ಒಂದೊಂದೂ 150 ಕಿಲೋ ತೂಕ, ಹಗಲು ನೆಲದೊಳಗೆ ಇಳಿದು ಮಾಯ ಆಗುತ್ತೆ, ರಾತ್ರಿ ಮೇಲಕ್ಕೆ ಎಳೀಬಹುದು, ರಾಟೆ ಮತ್ತು ಎದುರುತೂಕದ ಲೆಕ್ಕ ಅಷ್ಟು ಪಕ್ಕಾ ಇರೋದ್ರಿಂದ ಕೈಗೆ ಭಾರವೇ ಗೊತ್ತಾಗಲ್ಲ. ಪ್ರೊಪೆಲ್ಲರ್ ಡಿಸೈನ್ ಮಾಡಿದ್ದ ಇಂಜಿನಿಯರ್ ಇಲ್ಲಿ ಪೂರ್ತಿ ಹೊರಗೆ ಬಂದಿದ್ದಾನೆ. ನೆಲ ಕಪ್ಪಗೆ ಹೊಳೆಯೋ ಕೃತಕ ಕಲ್ಲಿನ ಚಪ್ಪಡಿ, ಜಮಖಾನೆ ಹಾಸೋ ಹಾಗಿಲ್ಲ. ದೀಪ ಅಂದ್ರೆ ಛಾವಣಿಯಿಂದ ಇಳಿಬಿಟ್ಟ ಬರೀ ಬಲ್ಬು, ಶ್ಯಾಂಡೆಲಿಯರ್ ಬಿಡಿ, ಬಲ್ಬಿಗೆ ಶೇಡ್ ಕೂಡ ಇಲ್ಲ. ಅವತ್ತಿನ ವಿಯೆನ್ನಾದ ಶ್ರೀಮಂತರ ಮನೆಗಳನ್ನ ನೋಡಿದವರಿಗೆ ಇದು ಎಂಥಾ ಮಾತು ಅಂತ ಗೊತ್ತಾಗುತ್ತೆ, ಅಲ್ಲಿ ಒಂದು ಅಂಗೈ ಅಗಲ ಗೋಡೆ ಖಾಲಿ ಬಿಡ್ತಿರ್ಲಿಲ್ಲ.

ಇಲ್ಲಿ ನಿಂತಾಗ ನನಗೆ ಟ್ರಾಕ್ಟೇಟಸ್ ನೆನಪಾಗೋದು ಸಹಜ. ಹೇಳೋಕೆ ಆಗೋದನ್ನ ಸ್ಪಷ್ಟವಾಗಿ ಹೇಳು, ಉಳಿದಿದ್ದಕ್ಕೆ ಬಾಯಿ ಹಾಕ್ಬೇಡ ಅಂತ ಆ ಪುಸ್ತಕ ಎಷ್ಟು ಕಟ್ಟುನಿಟ್ಟೋ ಈ ಮನೇನೂ ಅಷ್ಟೇ ಕಟ್ಟುನಿಟ್ಟು. ಹರ್ಮೀನೆ ಇದನ್ನ ಮನೆಯ ರೂಪ ತಾಳಿದ ತರ್ಕ ಅಂತಲೇ ಕರೆದ್ರು. ಜೊತೆಗೆ ಇನ್ನೊಂದು ಮಾತೂ ಬರೆದ್ರು, ಈ ಮನೆಯನ್ನ ಎಷ್ಟೇ ಮೆಚ್ಚಿದ್ರೂ ನನಗೆ ಇದರಲ್ಲಿ ವಾಸ ಮಾಡೋಕೆ ಆಗಲ್ಲ, ಇಷ್ಟವೂ ಇಲ್ಲ, ಇದು ನನ್ನಂಥ ಸಾಮಾನ್ಯ ಮನುಷ್ಯರಿಗಿಂತ ದೇವತೆಗಳಿಗೆ ಮಾಡಿದ ಮನೆ ಅಂತ. ತಮ್ಮನ ಮೇಲೆ ಪ್ರಾಣ ಇಟ್ಕೊಂಡಿದ್ದ ದೊಡ್ಡಕ್ಕ ಹೇಳಿದ ಮಾತು ಇದು, ಹೊರಗಿನವರ ಟೀಕೆ ಅಲ್ಲ.

ಇನ್ನೂ ದೊಡ್ಡ ಟೀಕೆ ಮಾಡಿದ್ದು ಕಟ್ಟಿದವನೇ. 1940ರ ಒಂದು ಟಿಪ್ಪಣಿಯಲ್ಲಿ, ಗ್ರೆಟ್ಲ್‌ಗೆ ನಾನು ಕಟ್ಟಿದ ಮನೆ ಸೂಕ್ಷ್ಮವಾದ ಕಿವಿ, ಒಳ್ಳೇ ನಡವಳಿಕೆ, ಒಂದು ಸಂಸ್ಕೃತಿಯ ಬಗ್ಗೆ ಇದ್ದ ತಿಳುವಳಿಕೆ ಇದೆಲ್ಲದರ ಫಲ, ಆದ್ರೆ ಹೊರಗೆ ನುಗ್ಗಿಬರೋಕೆ ಹಾತೊರೆಯೋ ಕಾಡು ಜೀವ ಅದರಲ್ಲಿ ಇಲ್ಲ, ಹಾಗಾಗಿ ಅದರಲ್ಲಿ ಆರೋಗ್ಯ ಇಲ್ಲ ಅನ್ನೋ ಅರ್ಥದಲ್ಲಿ ಬರ್ಕೊಂಡಿದ್ದಾನೆ. ತಾನು ವರ್ಷಗಟ್ಟಲೆ ಒದ್ದಾಡಿ, ಕೆಲಸಗಾರರನ್ನೆಲ್ಲ ಒದ್ದಾಡಿಸಿ ಕಟ್ಟಿದ್ದನ್ನ ಇಷ್ಟು ನೇರವಾಗಿ ಅಳೆಯೋದು ಎಷ್ಟು ಜನಕ್ಕೆ ಆಗುತ್ತೆ? ಈ ಒಂದು ಟಿಪ್ಪಣಿಗಾಗಿ ನನಗೆ ಅವನ ಮೇಲೆ ಗೌರವ ಹೆಚ್ಚಾಯ್ತು.

ಮನೆ ಕಟ್ತಿದ್ದ ದಿನಗಳಲ್ಲೇ ಅವನ ಬದುಕೂ ತಿರುಗ್ತು. 1927ರಲ್ಲಿ ಗ್ರೆಟ್ಲ್ ಮಧ್ಯಸ್ಥಿಕೆಯಿಂದ ವಿಯೆನ್ನಾ ಸರ್ಕಲ್ ಅನ್ನೋ ಫಿಲಾಸಫರ್‌ಗಳ ಗುಂಪಿನ ಮೋರಿಟ್ಸ್ ಶ್ಲಿಕ್ ಪರಿಚಯ ಆಯ್ತು. ಆ ಗುಂಪಿನವರು ಟ್ರಾಕ್ಟೇಟಸ್ ಅನ್ನ ಸಾಲುಸಾಲಾಗಿ ಓದಿದ್ದವರು, ವಿಜ್ಞಾನ ಬಿಟ್ರೆ ಬೇರೆ ಮಾತಿಗೆಲ್ಲ ಅರ್ಥವೇ ಇಲ್ಲ ಅಂತ ಆ ಪುಸ್ತಕ ಹೇಳುತ್ತೆ ಅಂದ್ಕೊಂಡಿದ್ದವರು. ಅವರ ಜೊತೆ ಕೂತಾಗ ವಿಟ್ಗೆನ್‌ಸ್ಟೈನ್ ಕೆಲವೊಮ್ಮೆ ಚರ್ಚೆನೇ ಬೇಡ ಅಂತ ಅವರಿಗೆ ಬೆನ್ನು ತಿರುಗಿಸಿ ಕೂತು ಕವಿತೆ ಓದ್ತಿದ್ದ, ಅದರಲ್ಲೂ ನಮ್ಮ ರವೀಂದ್ರನಾಥ ಠಾಕೂರರದ್ದು. ವಿಯೆನ್ನಾದ ತರ್ಕವಾದಿಗಳ ಮುಂದೆ ಬಂಗಾಳದ ಕವಿಯ ಪದ್ಯ! ಹೇಳೋಕಾಗದ್ದು ಕ್ಷುಲ್ಲಕ ಅಲ್ಲ, ಅದೇ ಬದುಕಿನಲ್ಲಿ ಮುಖ್ಯವಾದದ್ದು ಅಂತ ಅವನು ನಂಬಿದ್ದ ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ಸಾಕ್ಷಿ ನನಗೆ ಗೊತ್ತಿಲ್ಲ. 1928ರ ಮಾರ್ಚ್‌ನಲ್ಲಿ ಗಣಿತಜ್ಞ ಬ್ರೌವರ್ ವಿಯೆನ್ನಾದಲ್ಲಿ ಕೊಟ್ಟ ಉಪನ್ಯಾಸ ಕೇಳಿ ಮತ್ತೆ ಫಿಲಾಸಫಿ ಕಡೆ ಮನಸ್ಸು ಎಳೀತು ಅಂತ ಜೊತೆಗಿದ್ದವರು ಹೇಳ್ತಾರೆ. ಮನೆ ಮುಗಿದ ಬೆನ್ನಿಗೇ, 1929ರ ಜನವರಿಯಲ್ಲಿ, ಕೇಂಬ್ರಿಡ್ಜ್‌ಗೆ ವಾಪಸ್. ದೇವರು ಬಂದಿಳಿದ, 5.15ರ ಟ್ರೇನ್‌ನಲ್ಲಿ ಸಿಕ್ಕಿದ ಅಂತ ಅರ್ಥಶಾಸ್ತ್ರಜ್ಞ ಕೇನ್ಸ್ ಇವನ ಬಗ್ಗೆ ಹೆಂಡತಿಗೆ ಬರೆದ ಕಾಗದ ತುಂಬ ಫೇಮಸ್ಸು.

ಅಲ್ಲಿ ಮುಂದಿನ ವರ್ಷಗಳಲ್ಲಿ ಅವನು ತನ್ನ ಮೊದಲ ಪುಸ್ತಕವನ್ನೇ ಬಿಚ್ಚಿ ಹಾಕಿದ. ಇಟಲಿಯ ಅರ್ಥಶಾಸ್ತ್ರಜ್ಞ ಸ್ರಾಫಾ ಒಂದು ದಿನ ಮಾತಿನ ಮಧ್ಯೆ ಬೆರಳ ತುದಿಯಿಂದ ಗದ್ದದ ಕೆಳಗೆ ಸವರಿ ಆಚೆ ತಳ್ಳಿ ತೋರಿಸಿ, ನೇಪಲ್ಸ್ ಕಡೆ ಜನ ತಿರಸ್ಕಾರಕ್ಕೆ ಹೀಗೆ ಮಾಡ್ತಾರೆ, ಇದರ ತಾರ್ಕಿಕ ರೂಪ ಏನಪ್ಪ ಅಂತ ಕೇಳಿದ್ನಂತೆ. ಅದಕ್ಕೆ ಟ್ರಾಕ್ಟೇಟಸ್‌ನಲ್ಲಿ ಉತ್ತರ ಇರ್ಲಿಲ್ಲ. ಸನ್ನೆಗೆ ಅರ್ಥ ಇದೆ, ಆದ್ರೆ ಅದು ಯಾವುದರ ಚಿತ್ರಾನೂ ಅಲ್ಲ, ಜನ ಅದನ್ನ ಬದುಕಿನಲ್ಲಿ ಹೇಗೆ ಬಳಸ್ತಾರೋ ಅದರಲ್ಲೇ ಅರ್ಥ ಇರೋದು. ಅವನು ಸತ್ತ ಎರಡು ವರ್ಷಕ್ಕೆ, 1953ರಲ್ಲಿ ಬಂದ ಫಿಲಾಸಾಫಿಕಲ್ ಇನ್ವೆಸ್ಟಿಗೇಷನ್ಸ್ ಪುಸ್ತಕದ ತುಂಬ ಇದೇ ಇದೆ.

ಆ ಪುಸ್ತಕದ ಎರಡನೇ ಪ್ಯಾರಾದಲ್ಲೇ ಒಬ್ಬ ಮನೆ ಕಟ್ಟೋನು, ಅವನಿಗೊಬ್ಬ ಸಹಾಯಕ ಬರ್ತಾರೆ. ಇಡೀ ಭಾಷೆಯಲ್ಲಿ ನಾಲ್ಕೇ ಪದ, ದಿಮ್ಮಿ, ಕಂಬ, ಚಪ್ಪಡಿ, ತೊಲೆ. ಒಬ್ಬ ಕೂಗಿದ್ದನ್ನ ಇನ್ನೊಬ್ಬ ತಂದು ಕೊಡ್ತಾನೆ, ಅಷ್ಟೇ ಭಾಷೆ. ಕುಂಡ್‌ಮಾನ್‌ಗಾಸೆಯ ಸೈಟ್‌ನಲ್ಲಿ ಎರಡು ವರ್ಷ ಧೂಳಲ್ಲಿ ನಿಂತು ಕೆಲಸಗಾರರಿಗೆ ಕೂಗಿ ಹೇಳಿದ ಮನುಷ್ಯ ಬರೆದದ್ದು ಇದು ಅಂತ ನೆನೆಸ್ಕೊಂಡ್ರೆ ನನಗೆ ಮೈ ಜುಮ್ ಅನ್ನುತ್ತೆ. ಅವನು ಈ ಮನೆಯ ನೆನಪಿನಿಂದಲೇ ಬರೆದ ಅಂತ ನಾನು ಹೇಳ್ತಿಲ್ಲ, ಆದ್ರೆ ಆ ಪ್ಯಾರಾ ಓದಿದಾಗ ನನ್ನ ಕಣ್ಣಿಗೆ ಬರೋದು ಈ ಜಾಗ. ಪದಗಳು ಟೂಲ್‌ಬಾಕ್ಸಿನಲ್ಲಿರೋ ಸುತ್ತಿಗೆ, ಇಕ್ಕಳ, ಗರಗಸ, ಸ್ಕ್ರೂಡ್ರೈವರ್ ಇದ್ದ ಹಾಗೆ, ಒಂದೊಂದರ ಕೆಲಸ ಒಂದೊಂದು ಅಂತಾನೂ ಅಲ್ಲೇ ಬರೀತಾನೆ. ಭಾಷೆ ಒಂದು ಹಳೇ ಊರು, ಅಂಕುಡೊಂಕು ಗಲ್ಲಿ, ಚೌಕ, ಹಳೇ ಮನೆ ಹೊಸ ಮನೆ, ಬೇರೆ ಬೇರೆ ಕಾಲದಲ್ಲಿ ಸೇರಿಸಿದ ಕೋಣೆಗಳು, ಸುತ್ತ ಹೊಸ ಬಡಾವಣೆಯ ನೇರ ರಸ್ತೆಗಳು ಅಂತಾನೆ. 107ನೇ ಪ್ಯಾರಾದಲ್ಲಿ, ನಾವು ಜಾರೋ ಮಂಜುಗಡ್ಡೆ ಮೇಲೆ ಬಂದುಬಿಟ್ಟಿದೀವಿ, ಅಲ್ಲಿ ಉಜ್ಜಾಟ ಇಲ್ಲ, ಆದರ್ಶ ಸ್ಥಿತಿಯೇ, ಆದ್ರೆ ಅದಕ್ಕೇ ನಡೆಯೋಕಾಗ್ತಿಲ್ಲ, ನಡೀಬೇಕು ಅಂದ್ರೆ ಉಜ್ಜಾಟ ಬೇಕು, ಒರಟು ನೆಲಕ್ಕೆ ವಾಪಸ್ ಹೋಗೋಣ ಅಂತಾನೆ. ಈ ಮನೆಯ ಹೊಳೆಯೋ ಕಪ್ಪು ನೆಲದ ಮೇಲೆ ನಿಂತು ಆ ಸಾಲು ಓದಿ ನೋಡಿ. ಅವನ ಎರಡು ಫಿಲಾಸಫಿಗಳ ವ್ಯತ್ಯಾಸ ಏನು ಅಂತ ಲೆಕ್ಚರ್ ಕೇಳಿ ತಿಳಿಯೋದಕ್ಕಿಂತ ಇಲ್ಲಿ ಅರ್ಧ ಗಂಟೆ ಓಡಾಡೋದ್ರಲ್ಲಿ ನನಗೆ ಹೆಚ್ಚು ತಿಳೀತು. ಮೊದಲನೇದರ ಆಸೆ ಏನಿತ್ತು, ಅದು ಎಷ್ಟು ಚೆಂದದ ಆಸೆ, ಅದರಲ್ಲಿ ಬದುಕೋಕೆ ಯಾಕೆ ಆಗಲ್ಲ, ಮೂರೂ ಇಲ್ಲಿ ಎದುರಿಗೇ ಇದೆ.

ಈಗ ಕೊರತೆಗಳು. ನೀವು ನೋಡೋದು 1928ರ ಮನೆ ಪೂರ್ತಿ ಅಲ್ಲ. ಎರಡನೇ ಮಹಾಯುದ್ಧದ ಕೊನೆಗೆ ರಷ್ಯನ್ ಸೈನಿಕರು ಇದರಲ್ಲಿ ಇದ್ರು, ಕುದುರೆ ಕಟ್ಟೋಕೂ ಬಳಸಿದ್ರು. ಗ್ರೆಟ್ಲ್ 1947ರಲ್ಲಿ ವಾಪಸ್ ಬಂದು 1958ರಲ್ಲಿ ತೀರಿಕೊಳ್ಳೋವರೆಗೆ ಇಲ್ಲೇ ಇದ್ರು. ಮಗ ಇದನ್ನ ಮಾರಿದ, ಕೊಂಡವರು ಕೆಡವೋಕೆ ಹೊರಟ್ರು. ಬೆರ್ನ್‌ಹಾರ್ಡ್ ಲೈಟ್ನರ್ ಅನ್ನೋ ಕಲಾವಿದ ಪಟ್ಟು ಬಿಡದೆ ಪತ್ರಿಕೆಗಳಲ್ಲಿ ಬರೆದು, ಜನರನ್ನ ಕೂಡಿಸಿ ಹೋರಾಡಿದ್ರಿಂದ 1971ರಲ್ಲಿ ರಾಷ್ಟ್ರೀಯ ಸ್ಮಾರಕ ಅಂತ ಘೋಷಣೆ ಆಯ್ತು, ಇಲ್ದಿದ್ರೆ ಇವತ್ತು ಈ ರಿವ್ಯೂ ಬರೆಯೋಕೆ ಜಾಗವೇ ಇರ್ತಿರ್ಲಿಲ್ಲ. ಆಮೇಲೆ ಕಲ್ಚರಲ್ ಇನ್‌ಸ್ಟಿಟ್ಯೂಟ್ ಕೆಲಸಕ್ಕೆ ಅನುಕೂಲ ಆಗಲಿ ಅಂತ ಒಳಗೆ ಕೆಲವು ಗೋಡೆ ತೆಗೆದ್ರು, ಬಣ್ಣ ಬದಲಾಯ್ತು. ಗ್ರೆಟ್ಲ್ ಕಾಲದ ಪೀಠೋಪಕರಣ ಇಲ್ಲ. ಹಾಗಾಗಿ ಹಳೇ ಫೋಟೋಗಳನ್ನ ಮೊದಲೇ ನೋಡ್ಕೊಂಡು ಹೋದ್ರೆ ಯಾವುದು ಮೂಲ, ಯಾವುದು ಬದಲಾದದ್ದು ಅಂತ ತಿಳಿಯುತ್ತೆ. ಅಷ್ಟಾದ್ರೂ ಒಂದು ದೇಶ ಇನ್ನೊಂದು ದೇಶದ ಈ ಕಟ್ಟಡವನ್ನ ಉಳಿಸಿ, ಬಾಗಿಲು ತೆಗೆದು ಬಳಸ್ತಿದೆ ಅನ್ನೋದು ನನಗೆ ದೊಡ್ಡ ವಿಷಯ. ಬಳಕೆ ಇಲ್ದೆ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ರೆ ಅವನಿಗೇ ಸರಿ ಹೋಗ್ತಿರ್ಲಿಲ್ಲ ಅಂತ ಅನ್ನಿಸುತ್ತೆ.

ಯಾರು ಹೋಗ್ಬೇಕು? ಆರ್ಕಿಟೆಕ್ಚರ್, ಇಂಟೀರಿಯರ್ ಓದ್ತಿರೋ ಮಕ್ಕಳು ಖಂಡಿತ ಹೋಗ್ಬೇಕು, ಬಾಗಿಲು ಹಿಡಿಕೆ ಒಂದಕ್ಕೇ ಟ್ರಿಪ್ ವಸೂಲ್. ಫಿಲಾಸಫಿ, ಭಾಷಾಶಾಸ್ತ್ರ ಓದೋರಿಗೆ ಹೇಳೋದೇ ಬೇಡ. ಲೇತ್, ಫೌಂಡ್ರಿ, ವರ್ಕ್‌ಶಾಪ್ ಕೆಲಸ ಗೊತ್ತಿರೋರು ನಮ್ಮಂಥವರಿಗಿಂತ ಹೆಚ್ಚು ನೋಡ್ತಾರೆ, ಆ ರೇಡಿಯೇಟರ್‌ನ ಸಂದು, ಬಾಗಿಲಿನ ಫಿಟ್ಟಿಂಗ್ ನೋಡಿ ಅವರು ಮೆಚ್ಚೋ ರೀತೀನೇ ಬೇರೆ. ಸಣ್ಣ ಮಕ್ಕಳನ್ನ ಕರ್ಕೊಂಡ್ ಬಂದಿರೋರು, ಒಂದೇ ದಿನದಲ್ಲಿ ಇಡೀ ವಿಯೆನ್ನಾ ಮುಗಿಸ್ಬೇಕು ಅನ್ನೋರು ಬೇರೆ ಕಡೆ ಹೋಗೋದು ಮೇಲು. ನನ್ನ ಕಡೆಯಿಂದ 5ಕ್ಕೆ 4.5, ಆ ಅರ್ಧ ಕಡಿಮೆ ಮಾಡಿದ್ದು ಕಳೆದುಹೋದ ಗೋಡೆಗಳಿಗೆ.

ಹೋಗೋರಿಗೆ ಒಂದು ಕೆಲಸ ಹೇಳ್ತೀನಿ. ಇದನ್ನ ನೋಡಿದ ಮೇಲೆ ಅದೇ ದಿನ ಹುಂಡರ್ಟ್‌ವಾಸರ್ ಮನೆ ತನಕ ನಡೀರಿ. 1985ರಲ್ಲಿ ಮುಗಿದ ಆ ಅಪಾರ್ಟ್‌ಮೆಂಟು ಸರಳರೇಖೆ ಕಂಡ್ರೇ ಆಗದ ಕಲಾವಿದನ ಕಲ್ಪನೆ, ನೆಲವೂ ಉಬ್ಬುತಗ್ಗು, ಕಿಟಕಿಯಿಂದ ಮರಗಳು ಹೊರಗೆ ಬಂದಿವೆ, ಒಂದರ ಥರ ಇನ್ನೊಂದು ಕಿಟಕಿ ಇಲ್ಲ. ಅದು ಜನ ವಾಸ ಇರೋ ಕಟ್ಟಡ, ಒಳಗೆ ಬಿಡಲ್ಲ, ಹೊರಗಿಂದಲೇ ನೋಡ್ಬೇಕು. ವಿಟ್ಗೆನ್‌ಸ್ಟೈನ್ ತನ್ನ ಮನೆಯಲ್ಲಿ ಇಲ್ಲ ಅಂದ ಕಾಡು ಜೀವ ಇಲ್ಲಿ ಇದೆಯಾ ಅಂತ ನೀವೇ ನೋಡಿ ತೀರ್ಮಾನ ಮಾಡಿ. ನನಗೆ ಅಲ್ಲಿ ಬಣ್ಣ ಜಾಸ್ತಿ ಅನ್ನಿಸ್ತು, ಜೀವ ಇನ್ನೂ ಒಳನಗರದ ಹಳೇ ಗಲ್ಲಿಗಳಲ್ಲೇ ಹೆಚ್ಚು ಕಂಡಿತು, ನನ್ನ ಜೊತೆ ಬಂದ ಕೆಲವರಿಗೆ ಈ ಹುಂಡರ್ಟ್‌ವಾಸರ್ ಮನೆಯೇ ಹೆಚ್ಚು ಇಷ್ಟ ಆಯ್ತು.

ಹೋಗೋ ಮುಂಚೆ ಯಾವ ದಿನ, ಎಷ್ಟು ಹೊತ್ತು ತೆಗೆದಿರುತ್ತೆ ಅಂತ ಇನ್‌ಸ್ಟಿಟ್ಯೂಟ್‌ಗೆ ಒಂದು ಮೇಲ್ ಹಾಕಿ ಕೇಳ್ಕೊಳ್ಳಿ, ಪ್ರದರ್ಶನ ಅಥವಾ ಸಂಗೀತ ಕಾರ್ಯಕ್ರಮ ಇದ್ದಾಗ ಎಲ್ಲ ರೂಮೂ ಆರಾಮಾಗಿ ನೋಡೋಕೆ ಸಿಗದೇ ಇರ್ಬಹುದು. ಸಾಧ್ಯ ಆದ್ರೆ ಬೆಳಕು ಚೆನ್ನಾಗಿರೋ ಹೊತ್ತಿಗೆ ಹೋಗಿ, ಆ ಉದ್ದ ಕಿಟಕಿಗಳಿಗೆ ಬಿಸಿಲು ಬೇಕು.